ವೋಲ್ಫ್‌ಶಾಂಟ್ಸೆಗೆ ಹೋಗುವವರು ಮೊದಲು ಮಾಮೆರ್ಕಿ ನೋಡಿ

ಪೋಲೆಂಡಿನ ಈಶಾನ್ಯಕ್ಕಿರುವ ಕೆಂಟ್‌ಶಿನ್ ಊರಿನಿಂದ ಎಂಟು ಕಿಲೋಮೀಟರ್ ಆಚೆ, ಕಾಡಿನೊಳಗಿದೆ ಹಿಟ್ಲರನ ಗುಪ್ತ ಸೇನಾ ಠಾಣ್ಯ ವೋಲ್ಫ್‌ಶಾಂಟ್ಸೆ. ಸೋವಿಯತ್ ಒಕ್ಕೂಟದ ಮೇಲೆ ದಾಳಿ ಶುರುವಾದ ಮರುದಿನ, 1941ರ ಜೂನ್ 23ರಂದು ಇಲ್ಲಿಗೆ ಬಂದವನು 1944ರ ನವೆಂಬರ್ 20ರಂದು ಕೊನೆಯ ಸಲ ಹೊರಟ. ಎಲ್ಲರೂ ನೇರ ಅಲ್ಲಿಗೇ ಹೋಗುತ್ತಾರೆ. ನಾವು ಬಾಡಿಗೆ ಕಾರಿನಲ್ಲಿ ಮೊದಲು ಮಾಮೆರ್ಕಿಗೆ ಹೋದೆವು.

ಅಲ್ಲಿದ್ದದ್ದು ಜರ್ಮನ್ ಭೂಸೇನೆಯ ಮುಖ್ಯ ಕಚೇರಿ. ಬಿಟ್ಟುಹೋಗುವಾಗ ಅದನ್ನು ಸ್ಫೋಟಿಸಲಿಲ್ಲ, ಹಾಗಾಗಿ ಬಂಕರುಗಳು ಇಡಿಯಾಗಿ ನಿಂತಿವೆ. ಟಾರ್ಚ್ ಹಿಡಿದು ಒಳಹೊಕ್ಕರೆ ಇಕ್ಕಟ್ಟು, ತಣ್ಣನೆಯ ಗೋಡೆ, ಮಾತಾಡಿದ್ದೆಲ್ಲ ಮೊಳಗುತ್ತದೆ. ಮೈಮೇಲೆ ಒರಟು ಗಾರೆ ಮೆತ್ತಿದ್ದಾರೆ. ವಿಮಾನದಿಂದ ನೋಡಿದವರಿಗೆ ಕಾಡೇ ಅನ್ನಿಸಬೇಕು, ಅದಕ್ಕೆ.

ವೋಲ್ಫ್‌ಶಾಂಟ್ಸೆಯಲ್ಲಿ ಹಾಗಿಲ್ಲ. 1945ರ ಜನವರಿಯಲ್ಲಿ ಜರ್ಮನ್ನರೇ ಸಿಡಿಮದ್ದಿಟ್ಟು ಉಡಾಯಿಸಿದರು. ಮನೆಯಷ್ಟು ದೊಡ್ಡ ಕಾಂಕ್ರೀಟ್ ತುಂಡುಗಳು ವಾಲಿಕೊಂಡಿವೆ, ತುಕ್ಕು ಹಿಡಿದ ಸರಳು ಹೊರಚಾಚಿದೆ. ಅವುಗಳ ಅಡಿಗೆ ಬಂದವರೆಲ್ಲ ಒಂದೊಂದು ಒಣಕಡ್ಡಿ ಆನಿಸಿ ಹೋಗಿದ್ದಾರೆ, ಅದು ಬೀಳದ ಹಾಗೆ! ನಮ್ಮ ಮಗಳೂ ಒಂದು ಇಟ್ಟಳು.

ನನ್ನ ಪ್ರಕಾರ ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಹಿಟ್ಲರನ ಬಂಕರಲ್ಲ, ಸಭೆಯ ಬ್ಯಾರಕ್ ಇದ್ದ ಕಡೆ. ಈಗ ಅಲ್ಲಿ ತೆರೆದ ಪುಸ್ತಕದ ಆಕಾರದ ಸ್ಮಾರಕ ಮಾತ್ರ ಇದೆ. 1944ರ ಜುಲೈ 20ರಂದು ಜರ್ಮನ್ ಸೇನೆಯದೇ ಕರ್ನಲ್ ಶ್ಟೌಫೆನ್‌ಬರ್ಗ್ ಹಿಟ್ಲರನನ್ನು ಕೊಲ್ಲಲು ಬ್ರೀಫ್‌ಕೇಸಿನಲ್ಲಿ ಬಾಂಬ್ ತಂದಿಟ್ಟದ್ದು ಇಲ್ಲೇ. ಯುದ್ಧದಲ್ಲಿ ಬಲಗೈ, ಎಡಗೈಯ ಎರಡು ಬೆರಳು, ಒಂದು ಕಣ್ಣು ಕಳೆದುಕೊಂಡಿದ್ದ ಅವನಿಗೆ ಎರಡು ಬಾಂಬುಗಳಲ್ಲಿ ಒಂದನ್ನಷ್ಟೇ ಸಜ್ಜು ಮಾಡಲು ಸಮಯ ಸಿಕ್ಕಿತ್ತು. ಆ ಬ್ರೀಫ್‌ಕೇಸೂ ಮೇಜಿನ ದಪ್ಪ ಓಕ್ ಕಾಲಿನ ಆಚೆ ಬದಿಗೆ ಸರಿದುಹೋಗಿತ್ತು. ಸೆಕೆಗೆ ಕಿಟಕಿ ತೆರೆದಿದ್ದರಿಂದ ಸ್ಫೋಟದ ಒತ್ತಡ ಹೊರಗೆ ಹರಿಯಿತು. ನಾಲ್ವರು ಸತ್ತರು, ಹಿಟ್ಲರ್ ಉಳಿದ. ಅದೇ ಬಾಂಬು ಬಂಕರಿನೊಳಗೆ ಸಿಡಿದಿದ್ದರೆ? ಬೆಳಿಗ್ಗೆಯಷ್ಟೇ ಮಾಮೆರ್ಕಿಯ ಕಿಟಕಿಯಿಲ್ಲದ ಕೋಣೆಯಲ್ಲಿ ನಿಂತು ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡರ ನಡುವೆ ಇಪ್ಪತ್ತು ಕಿಲೋಮೀಟರಿನಷ್ಟು ದಾರಿ. ಬೇಗ ಹೊರಟರೆ ಒಂದೇ ದಿನದಲ್ಲಿ ಮುಗಿಯುತ್ತದೆ. ಬೇಸಿಗೆಯಾದರೆ ಸೊಳ್ಳೆಗೆ ಹಚ್ಚುವ ಮುಲಾಮು ಮರೆಯಬೇಡಿ, ಸುತ್ತ ಕೆರೆ, ಜೌಗು. ಒಳಗೆ ಹೋಗಬೇಡಿ ಎಂದು ಫಲಕ ಹಾಕಿದ ಬಂಕರಿಗೆ ಫೋಟೋ ಆಸೆಗೆ ನುಗ್ಗಬೇಡಿ. ಆ ಚಾವಣಿಗಳು ಒಣಕಡ್ಡಿಯ ಮೇಲೇನೂ ನಿಂತಿಲ್ಲ.