ಪಾಲಿಕ್ಲಿನಿಕ್‌ನಲ್ಲಿ ನಮ್ಮ ಹಿರಿಯರ ಜೊತೆ

ಸೈನ್ಯದ ಮೆಡಿಕಲ್ ಕೋರ್‌ನಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದೆ. ನಿವೃತ್ತಿಯಾದ ಮೇಲೆ ಮಾಜಿ ಸೈನಿಕರ ಸಂಘದ ಪರವಾಗಿ, ಮಾಜಿ ಸೈನಿಕರ ಮತ್ತು ಅವರ ಕುಟುಂಬದ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್‌ಗೆ ಬರುವ ಹಿರಿಯರಿಗೆ ನೆರವಾಗುತ್ತಿದ್ದೇನೆ. ಯೋಜನೆ ಶುರುವಾಗಿದ್ದು 2003ರ ಏಪ್ರಿಲ್‌ನಲ್ಲಿ. ಪಾಲಿಕ್ಲಿನಿಕ್ ವೈದ್ಯರು ರೆಫರಲ್ ಬರೆದುಕೊಟ್ಟರೆ ಯೋಜನೆಯ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಯಲ್ಲೂ ದುಡ್ಡು ಕಟ್ಟದೆ ಚಿಕಿತ್ಸೆ ಸಿಗುತ್ತದೆ. ಯೋಜನೆ ಒಳ್ಳೆಯದೇ. ನಾನು ಕಂಡ ತೊಂದರೆಗಳಲ್ಲಿ ಹೆಚ್ಚಿನವು ಡಾಕ್ಟರ ಕೋಣೆಯ ಹೊರಗೇ ಇವೆ.

ನಾನು ಮೊದಲು ನೋಡುವುದು ಮಾತ್ರೆಯ ಚೀಲ. ಒಬ್ಬ ಹಿರಿಯರು ತಲೆ ಸುತ್ತುತ್ತದೆ ಅಂತ ಬಂದರು. ಚೀಲವನ್ನು ಮೇಜಿನ ಮೇಲೆ ಸುರಿದು ನೋಡಿದೆ. ಪಾಲಿಕ್ಲಿನಿಕ್ ಕೊಟ್ಟ ಬಿಪಿ ಮಾತ್ರೆ ಒಂದು, ಖಾಸಗಿ ಆಸ್ಪತ್ರೆಯವರು ಬರೆದದ್ದು ಇನ್ನೊಂದು. ಹೊರಗಿನ ಹೆಸರು ಬೇರೆ, ಒಳಗಿರುವುದು ಎರಡರಲ್ಲೂ ಟೆಲ್ಮಿಸಾರ್ಟನ್! ಎರಡನ್ನೂ ದಿನಾ ನುಂಗುತ್ತಿದ್ದರು. ತಕ್ಷಣ ವೈದ್ಯರಿಗೆ ತೋರಿಸಿದೆ, ಅವರು ಒಂದನ್ನು ನಿಲ್ಲಿಸಿದರು. ಅಂದಿನಿಂದ ಎಲ್ಲರಿಗೂ ಒಂದು ಚೀಟಿ ಮಾಡಿಕೊಡುತ್ತೇನೆ. ಕಂಪನಿಯ ಹೆಸರಲ್ಲ, ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತು. ದೊಡ್ಡ ಕನ್ನಡ ಅಕ್ಷರದಲ್ಲಿ. ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಅದನ್ನೇ ಮುಂದಿಡಿ ಅಂತ ಹೇಳುತ್ತೇನೆ.

ಫಿರಂಗಿ ದಳದಲ್ಲಿದ್ದ ಎಷ್ಟೋ ಜನರಿಗೆ ಕಿವಿ ಮಂದ. ಟೋಕನ್ ನಂಬರ್ ಕೂಗಿದರೆ ಕೇಳಿಸುವುದಿಲ್ಲ, ಸುಮ್ನೆ ಕೂತಿರುತ್ತಾರೆ. ದೇಶಕ್ಕಾಗಿ ಕಿವಿ ಕಳೆದುಕೊಂಡವರು ಅದೇ ಕಾರಣಕ್ಕೆ ಸರದಿ ಕಳೆದುಕೊಳ್ಳಬಾರದು ಅಲ್ವಾ? ಉಸ್ತುವಾರಿ ಅಧಿಕಾರಿಯನ್ನು ಕೇಳಿಕೊಂಡೆವು. ಈಗ ನಂಬರನ್ನು ಬೋರ್ಡಿನ ಮೇಲೂ ಬರೆಯುತ್ತಾರೆ.

ಹೆಚ್ಚು ಸತಾಯಿಸುವುದು ಹೆಸರು. ಸೈನ್ಯ ಬಿಡುವಾಗ ಕೊಡುವ ಡಿಸ್ಚಾರ್ಜ್ ಬುಕ್‌ನಲ್ಲಿ ಹೆಂಡತಿ ಗಂಗವ್ವ, ಆಧಾರ್‌ನಲ್ಲಿ ಗಂಗಮ್ಮ. ಯಜಮಾನರು ಇರುವಷ್ಟು ದಿನ ಯಾರೂ ಗಮನಿಸುವುದಿಲ್ಲ. ಅವರು ಹೋದ ಮೇಲೆ ಕುಟುಂಬ ಪಿಂಚಣಿಯೂ ತಡ, ಇಸಿಎಚ್‌ಎಸ್ ಕಾರ್ಡೂ ತಡ. ಅದಕ್ಕೇ ನಾನು ಮನೆಗಳಿಗೆ ಹೋದಾಗ ಪಿಪಿಒ (ಪಿಂಚಣಿ ಆದೇಶ ಪತ್ರ), ಡಿಸ್ಚಾರ್ಜ್ ಬುಕ್, ಆಧಾರ್ ಮೂರನ್ನೂ ಪಕ್ಕಪಕ್ಕ ಇಟ್ಟು ಓದುತ್ತೇನೆ. ಒಂದಕ್ಷರ ಹೆಚ್ಚುಕಮ್ಮಿ ಇದ್ದರೂ ಅಫಿಡವಿಟ್ ಮಾಡಿಸಿ, ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಸೈನಿಕರ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಅರ್ಜಿ ಕಳಿಸುತ್ತೇವೆ. ಉತ್ತರ ಬರಲು ತಿಂಗಳುಗಳೇ ಬೇಕು. ಯಜಮಾನರು ಗಟ್ಟಿಯಾಗಿರುವಾಗಲೇ ಇದನ್ನು ಮುಗಿಸಿಬಿಡಿ.

ಮಕ್ಕಳಿಗೂ ಒಂದು ಮಾತು ಹೇಳಿರುತ್ತೇನೆ. ಎದೆನೋವು, ಪಾರ್ಶ್ವವಾಯು ಅಂದಾಗ ರೆಫರಲ್‌ಗೆ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಸೇರಿಸಿ. ಅದು ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಾದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಿ, ಬಿಲ್ಲುಗಳನ್ನೆಲ್ಲ ಇಟ್ಟುಕೊಳ್ಳಿ. ಹಣ ಸರ್ಕಾರಿ ದರದ ಲೆಕ್ಕದಲ್ಲಿ ಆಮೇಲೆ ಬರುತ್ತದೆ, ಖರ್ಚಾದದ್ದೆಲ್ಲ ಬರಲಿಕ್ಕಿಲ್ಲ. ಪಾಲಿಕ್ಲಿನಿಕ್ ಫೋನ್ ನಂಬರನ್ನು ಅಪ್ಪನ ಮೊಬೈಲಿನಲ್ಲಿ ಮಾತ್ರ ಇಟ್ಟರೆ ಸಾಲದು, ಸೊಸೆಯ ಮೊಬೈಲಿನಲ್ಲೂ ಇರಲಿ.