ದ್ರಾಕ್ಷಿಯ ಕಣ್ಣು ಒಡೆಸುವುದು: ಚಾಟ್ನಿಯ ತಾರೀಖಿಗಿಂತ ಕಡ್ಡಿಯ ಮಾತು ದೊಡ್ಡದು

ಫ್ರಾನ್ಸ್, ಇಟಲಿಯಂಥ ದೇಶಗಳಲ್ಲಿ ದ್ರಾಕ್ಷಿ ಬಳ್ಳಿ ಯಾವಾಗ ಚಿಗುರಬೇಕೆಂಬುದನ್ನು ಚಳಿಗಾಲವೇ ನಿರ್ಧರಿಸುತ್ತದೆ. ಎಲೆ ಉದುರಿದ ಬಳ್ಳಿಯ ಕಣ್ಣುಗಳಲ್ಲಿ, ಅಂದರೆ ಚಿಗುರು ಹೊರಡುವ ಮೊಗ್ಗುಗಳಲ್ಲಿ, ಒಂದು ಒಳತಡೆ ಇರುತ್ತದೆ. ನಡುವೆ ನಾಲ್ಕು ದಿನ ಬೆಚ್ಚಗಾದರೂ ಅವು ಅಲುಗುವುದಿಲ್ಲ. ಸಾಕಷ್ಟು ಗಂಟೆಗಳ ಚಳಿ ಸೇರಿದ ಮೇಲೆ ಆ ತಡೆ ಸಡಿಲವಾಗುತ್ತದೆ. ಅನಂತರ ದಿನದ ಉಷ್ಣತೆ ಸುಮಾರು 10 ಡಿಗ್ರಿ ದಾಟಿದಷ್ಟೂ ಕಣ್ಣು ಒಡೆಯುವ ದಿನ ಹತ್ತಿರ ಬರುತ್ತದೆ. ಹಿಮಾಚಲದ ಸೇಬಿಗೂ ಇದೇ ನಿಯಮ ಅನ್ವಯಿಸುತ್ತದೆ, ಆದರೆ ಅದಕ್ಕೆ ಬೇಕಾದ ಚಳಿ ದ್ರಾಕ್ಷಿಗಿಂತ ಬಹಳ ಹೆಚ್ಚು. ನಮ್ಮ ವಿಜಯಪುರ ಜಿಲ್ಲೆಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಇಲ್ಲಿ ಬಳ್ಳಿ ತಾನಾಗಿ ಎಲೆ ಉದುರಿಸಿ ಮಲಗುವುದೂ ಇಲ್ಲ, ಒಂದೇ ಸಲಕ್ಕೆ ಎಚ್ಚರಗೊಳ್ಳುವುದೂ ಇಲ್ಲ. ಹಾಗೆಯೇ ಬಿಟ್ಟರೆ ಒಂದು ಕಡ್ಡಿಯಲ್ಲಿ ಎರಡು ಕಣ್ಣು ಒಡೆದು ಉಳಿದವು ಹಾಗೇ ಕುಳಿತುಬಿಡುತ್ತವೆ. ಆದ್ದರಿಂದ ಚಳಿಗಾಲ ಮಾಡಬೇಕಾದ ಕೆಲಸವನ್ನು ನಾವು ಕತ್ತರಿಯಿಂದಲೂ ಔಷಧದಿಂದಲೂ ಮಾಡಿಸಬೇಕಾಗುತ್ತದೆ.

ನನ್ನದು ಗರಸು ಭೂಮಿಯಲ್ಲಿ, ಡಾಗ್‌ರಿಡ್ಜ್ ಬೇರುಗಿಡದ ಮೇಲೆ ಕಸಿ ಮಾಡಿದ ಥಾಮ್ಸನ್ ಸೀಡ್‌ಲೆಸ್ ತೋಟ. ಹಣ್ಣಿನ ಬಹುಪಾಲು ಒಣದ್ರಾಕ್ಷಿಯಾಗುತ್ತದೆ. ಈ ಭಾಗದ ಎಲ್ಲರಂತೆ ನಾನೂ ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ, ಮಾಡುತ್ತೇನೆ. ಏಪ್ರಿಲ್‌ನದು ಕಡ್ಡಿ ತಯಾರಿಸಲು, ಅಕ್ಟೋಬರ್‌ನದು ಹಣ್ಣಿಗಾಗಿ. ಅಕ್ಟೋಬರ್‌ನಲ್ಲಿ ಕಣ್ಣು ಸರಿಯಾಗಿ ಒಡೆಯದಿದ್ದರೆ ಜನ ಔಷಧವನ್ನು ದೂರುತ್ತಾರೆ, ಇಲ್ಲವೇ ಹವಾಮಾನವನ್ನು ದೂರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅರ್ಧಕ್ಕಿಂತ ಹೆಚ್ಚಿನ ಕಾರಣ ಹಿಂದಿನ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಆರೈಕೆಯಲ್ಲಿರುತ್ತದೆ. ಏಪ್ರಿಲ್ ಚಾಟ್ನಿಯಾಗಿ ಒಂದೂವರೆ ಎರಡು ತಿಂಗಳಾಗುವ ಹೊತ್ತಿಗೆ ಕಣ್ಣಿನೊಳಗೆ ಮುಂದಿನ ಗೊನೆಯ ಮೊಳಕೆ ರೂಪುಗೊಳ್ಳುತ್ತದೆ. ಆಗ ಎಲೆ ದಟ್ಟವಾಗಿ ಕಡ್ಡಿಯ ಮೇಲೆ ಬಿಸಿಲು ಬೀಳದಿದ್ದರೆ, ಅಕ್ಟೋಬರ್‌ನಲ್ಲಿ ಕಣ್ಣು ಒಡೆದರೂ ಅದರಿಂದ ಗೊನೆ ಬರದೆ ಬರೀ ಬಳ್ಳಿ ಬರುತ್ತದೆ.

ಕಡ್ಡಿ ಬಲಿತಿದೆಯೇ ಎಂಬುದನ್ನು ತಿಳಿಯಲು ನಾನು ಚಾಟ್ನಿಗೆ ಮುನ್ನ ತೋಟದ ಬೇರೆ ಬೇರೆ ಸಾಲುಗಳಿಂದ ಕಡ್ಡಿ ಕತ್ತರಿಸಿ ನೋಡುತ್ತೇನೆ. ಸಿಪ್ಪೆ ಬುಡದಿಂದ ತುದಿಯ ಕಡೆಗೆ ಕಂದಾಗಿರಬೇಕು, ಬಗ್ಗಿಸಿದರೆ ಗಟ್ಟಿಯೆನಿಸಬೇಕು, ಅಡ್ಡ ಕೊಯ್ದಾಗ ನಡುವಿನ ತಿರುಳು ಸಣ್ಣದಾಗಿ ಕಂದುಬಣ್ಣಕ್ಕೆ ತಿರುಗಿರಬೇಕು. ಸಂಶಯ ಬಂದರೆ ಕೊಯ್ದ ಮುಖಕ್ಕೆ ಟಿಂಚರ್ ಅಯೋಡಿನ್ ಒಂದು ಹನಿ ಹಾಕುತ್ತೇನೆ. ಪಿಷ್ಟ ಚೆನ್ನಾಗಿ ತುಂಬಿದ ಕಡ್ಡಿ ಕ್ಷಣಮಾತ್ರದಲ್ಲಿ ಕಪ್ಪು ನೀಲಿಯಾಗುತ್ತದೆ. ತುಂಬದ ಕಡ್ಡಿ ಅಯೋಡಿನ್ನಿನ ಹಳದಿ ಬಣ್ಣದಲ್ಲೇ ಉಳಿಯುತ್ತದೆ. ಹೊಸ ಚಿಗುರಿಗೆ ಮೊದಲ ಎಲೆಗಳು ದುಡಿಯುವವರೆಗೆ ಈ ಪಿಷ್ಟವೇ ಆಹಾರ. ಆದ್ದರಿಂದ ಹಳದಿ ಕಂಡ ಸಾಲಿನಲ್ಲಿ ಚಾಟ್ನಿಯನ್ನು ಮುಂದಕ್ಕೆ ಹಾಕುತ್ತೇನೆ. ಚಾಟ್ನಿಗೆ ಕೆಲವು ವಾರ ಮುಂಚೆ ನೀರು ಕಡಿಮೆ ಮಾಡುವುದೂ ಇದಕ್ಕೇ. ತುದಿ ಬೆಳೆಯುವುದನ್ನು ನಿಲ್ಲಿಸಿದ ಬಳ್ಳಿ ಕಡ್ಡಿಯನ್ನು ಬಲಿಸುವ ಕಡೆಗೆ ತಿರುಗುತ್ತದೆ.

ಕತ್ತರಿ ಆಡಿಸುವಾಗ ನೆನಪಿನಲ್ಲಿಡಬೇಕಾದದ್ದು ತುದಿಕಣ್ಣಿನ ಯಜಮಾನಿಕೆ. ಕಡ್ಡಿಯನ್ನು ಎಲ್ಲಿ ಕತ್ತರಿಸಿದರೂ ಕೊಯ್ದ ಜಾಗದ ಹತ್ತಿರದ ಕಣ್ಣು ಮೊದಲು ಎದ್ದು, ತನ್ನಿಂದ ಕೆಳಕ್ಕೆ ಹರಿಯುವ ಆಕ್ಸಿನ್ ಎಂಬ ಚೋದಕದ ಬಲದಿಂದ ಬುಡದ ಕಣ್ಣುಗಳನ್ನು ತಡೆಹಿಡಿಯುತ್ತದೆ. ಕಡ್ಡಿ ಉದ್ದವಾದಷ್ಟೂ ಬುಡ ಬರಿದಾಗಿ ಉಳಿಯುವ ಸಂಭವ ಹೆಚ್ಚು. ಆದರೂ ಥಾಮ್ಸನ್‌ನಲ್ಲಿ ಬುಡದ ಕಣ್ಣುಗಳಿಗೆ ಗೊನೆ ಕಡಿಮೆಯಾದ್ದರಿಂದ ತೀರಾ ಗಿಡ್ಡ ಮಾಡುವಂತೆಯೂ ಇಲ್ಲ. ಕಡ್ಡಿಯ ದಪ್ಪ ನೋಡಿ ಆರರಿಂದ ಹತ್ತು ಕಣ್ಣು ಬಿಟ್ಟು ಕತ್ತರಿಸುವುದು ನನ್ನ ರೂಢಿ.

ಇನ್ನು ಪೇಸ್ಟ್ ಹಚ್ಚುವ ಕೆಲಸ. ಸುಮಾರು 50 ಪ್ರತಿಶತದ ಹೈಡ್ರೋಜನ್ ಸಯನಮೈಡ್ ದ್ರಾವಣವನ್ನು ಲೀಟರ್ ನೀರಿಗೆ 30ರಿಂದ 40 ಮಿ.ಲೀ. ಬೆರೆಸಿ, ಹಚ್ಚಿದ್ದು ಕಣ್ಣಿಗೆ ಕಾಣಲೆಂದು ಸ್ವಲ್ಪ ಕೆಮ್ಮಣ್ಣು ಕಲಸಿ, ಚಾಟ್ನಿಯಾದ ಎರಡು ದಿನದೊಳಗೆ ಹಚ್ಚಿಸುತ್ತೇನೆ. ಸ್ಪಂಜನ್ನು ಕಡ್ಡಿಯ ಸುತ್ತ ಮಡಚಿ ಹಿಡಿದು ಒಮ್ಮೆ ಎಳೆದರೆ ಕಣ್ಣುಗಳೆಲ್ಲ ತೋಯುತ್ತವೆ. ತುದಿಯ ಒಂದೆರಡು ಕಣ್ಣುಗಳನ್ನು ಮಾತ್ರ ಬಿಟ್ಟುಬಿಡುತ್ತೇವೆ. ಅವು ಹೇಗೂ ಏಳುವಂಥವು, ಅವುಗಳಿಗೆ ಬಲ ಕೊಡುವುದೆಂದರೆ ಕೆಳಗಿನವನ್ನು ಮತ್ತಷ್ಟು ಹಿಂದೆ ತಳ್ಳಿದಂತೆ. ಈ ಔಷಧವು ಕಣ್ಣಿನೊಳಗಿನ ಕ್ಯಾಟಲೇಸ್ ಎಂಬ ಕಿಣ್ವವನ್ನು ತಡೆಯುವುದರಿಂದ ಅಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಹೆಚ್ಚಾಗಿ, ಉಸಿರಾಟ ಏರುಪೇರಾಗುತ್ತದೆ. ಆ ಆಘಾತವೇ ದೀರ್ಘ ಚಳಿಯ ಬದಲು ಸುಪ್ತತೆಯನ್ನು ಮುರಿಯುತ್ತದೆ. ಆಘಾತವೆಂದ ಮೇಲೆ ಮಿತಿಯೂ ಇರಬೇಕು. ಪ್ರಮಾಣ ಮೀರಿದರೆ ಕಣ್ಣಿನ ನಡುವಿನ ಮುಖ್ಯ ಮೊಳಕೆಯೇ ಸುಟ್ಟು, ಪಕ್ಕದ ಬಡ ಮೊಳಕೆ ಏಳುತ್ತದೆ, ಅದರಲ್ಲಿ ಗೊನೆ ಬಹಳ ಕಡಿಮೆ.

ಇದು ಮನುಷ್ಯರಿಗೂ ಕೆಟ್ಟದ್ದು. ಯುರೋಪಿನ ಒಕ್ಕೂಟ 2008ರಲ್ಲಿ ಇದಕ್ಕೆ ಅನುಮತಿ ನಿರಾಕರಿಸಿದೆ. ಮದ್ಯದೊಂದಿಗೆ ಸೇರಿದರೆ ಮುಖ ಕೆಂಪಾಗಿ ಎದೆ ಬಡಿತ ಏರಿ, ವಾಂತಿ ಶುರುವಾಗುತ್ತದೆ. ಆದ್ದರಿಂದ ಹಿಂದಿನ ದಿನ ಕುಡಿದು ಬಂದವರಿಗೂ, ಮುಂದಿನ ಕೆಲವು ದಿನ ಬಿಡಲಾರೆ ಎನ್ನುವವರಿಗೂ ಆ ವಾರ ನಾನು ಬೇರೆ ಕೆಲಸ ಕೊಡುತ್ತೇನೆ. ಉಳಿದವರಿಗೆ ರಬ್ಬರ್ ಕೈಗವಸು ಕಡ್ಡಾಯ.

ಪೇಸ್ಟ್ ಹಚ್ಚಿದ ಮೇಲೆ ವೇಗ ಕೊಡುವುದು ಉಷ್ಣತೆ. ಅಕ್ಟೋಬರ್ ಮಧ್ಯದಲ್ಲಿ ಕತ್ತರಿಸಿದ ಸಾಲುಗಳಲ್ಲಿ ಕಣ್ಣು ಉಬ್ಬಿ, ಹತ್ತಿಯಂಥ ಬಿಳಿ ನೂಲು ತೋರಿಸಿ, ಹತ್ತು ಹನ್ನೆರಡು ದಿನದೊಳಗೆ ಹಸಿರು ತುದಿ ಹೊರಹಾಕುತ್ತದೆ. ರಾತ್ರಿಯ ಉಷ್ಣತೆ 15 ಡಿಗ್ರಿಯ ಆಸುಪಾಸಿಗೆ ಇಳಿಯುವ ಕಾಲಕ್ಕೆ ಚಾಟ್ನಿ ತಳ್ಳಿದರೆ ಅದೇ ಕಣ್ಣು ಹೆಚ್ಚು ದಿನ ತೆಗೆದುಕೊಳ್ಳುವುದಲ್ಲದೆ, ಮುಂದೆ ಹಿಂದೆಯಾಗಿ ಒಡೆಯುತ್ತದೆ. ಹಾಗಾದರೆ ಬೇಗ ಮುಗಿಸಿಬಿಡಬಹುದಲ್ಲ ಎಂದರೆ, ಮುಂಗಾರಿನ ಕೊನೆಯ ಮಳೆಗೆ ಸಿಕ್ಕ ಎಳೆಚಿಗುರಿಗೂ ಗೊನೆಗೂ ಡೌನಿ ಎಂಬ ಬೂಜುರೋಗ ಬರುವ ಭಯವಿದೆ. ಈ ಎರಡರ ನಡುವಿನ ಕಿಂಡಿಯಲ್ಲಿ, ಕಡ್ಡಿ ಬಲಿತ ಪಟ್ಟಿಯನ್ನು ಮೊದಲು, ಉಳಿದದ್ದನ್ನು ಅನಂತರ ಹೀಗೆ ಬಿಡಿ ಬಿಡಿಯಾಗಿ ಕತ್ತರಿಸುತ್ತೇನೆ. ಒಂದೇ ದಿನ ತೋಟವೆಲ್ಲ ಮುಗಿಸುವ ಪದ್ಧತಿ ಕೂಲಿಯ ಲೆಕ್ಕಕ್ಕೆ ಚೆನ್ನ, ಬಳ್ಳಿಯ ಲೆಕ್ಕಕ್ಕಲ್ಲ.

ಏಪ್ರಿಲ್‌ನಲ್ಲಿ ತೊಂದರೆ ಇದಕ್ಕೆ ವಿರುದ್ಧವಾದದ್ದು. ಆಗ ಶಾಖಕ್ಕೆ ಕೊರತೆಯಿಲ್ಲ, ಗಾಳಿಯಲ್ಲಿ ತೇವಕ್ಕೆ ಕೊರತೆ; ಬಿಸಿಗಾಳಿಗೆ ಕಣ್ಣು ಒಡೆಯುವ ಮೊದಲೇ ಒಣಗುತ್ತದೆ. ಅದಕ್ಕಾಗಿ ಚಾಟ್ನಿಯ ಮರುದಿನದಿಂದ ಚಿಗುರು ಕಾಣುವವರೆಗೆ ಸಂಜೆಯ ಹೊತ್ತು ಬಳ್ಳಿಯ ತೋಳುಗಳ ಮೇಲೆ ಬರೀ ನೀರು ಸಿಂಪಡಿಸಿ, ಹನಿ ನೀರಾವರಿಯನ್ನೂ ಹೆಚ್ಚಿಸುತ್ತೇನೆ. ಅಕ್ಟೋಬರ್‌ನಲ್ಲಿ ಕಣ್ಣುಗಳೆಲ್ಲ ಒಟ್ಟಿಗೆ ಒಡೆದ ಸಾಲುಗಳಲ್ಲಿ ಐದಾರು ಎಲೆಯಾಗಿ ಗೊನೆ ಕಂಡ ಕೂಡಲೇ, ಗೊನೆಯಿಲ್ಲದ ಚಿಗುರುಗಳನ್ನು ಬೆರಳಿನಿಂದಲೇ ಮುರಿದು ತೆಗೆಸುತ್ತೇನೆ. ಹಿಂದೆ ಮುಂದೆ ಒಡೆದ ಸಾಲುಗಳಲ್ಲಿ ಅದೇ ಕೆಲಸಕ್ಕೆ ಆಳುಗಳನ್ನು ಎರಡನೇ ಸಲ ಕಳಿಸಬೇಕಾಗುತ್ತದೆ.