ಕನ್ನಡಕ ಬದಲಿಸುವ ಮೊದಲು ಕುರ್ಚಿ ತಿರುಗಿಸಿದೆ

ಮೂಡಿಗೆರೆ ಹತ್ತಿರದ ಹಳ್ಳಿಯೊಂದರ ಗ್ರಂಥಾಲಯ ನೋಡಿಕೊಳ್ಳುವುದು ನನ್ನ ಕೆಲಸ. ಜುಲೈ ಬಂತೆಂದರೆ ನಮ್ಮಲ್ಲಿ ಹಗಲು ಹನ್ನೊಂದಕ್ಕೂ ಮುಸ್ಸಂಜೆ. ದಿನಾ ಪೇಪರ್ ಓದಲು ಬರುವ ಅಜ್ಜರೊಬ್ಬರು ಹೋದ ಮಳೆಗಾಲದಲ್ಲಿ ಎರಡು ಹೆಡ್ಡಿಂಗ್ ನೋಡಿ ಮಡಚಿಡಲು ಶುರು ಮಾಡಿದರು. "ಕಣ್ಣು ಹೋಯ್ತು ಕಣಮ್ಮ" ಅಂದರು. ಕನ್ನಡಕ ಮಾಡಿಸಿ ಮೂರು ತಿಂಗಳೂ ಆಗಿರಲಿಲ್ಲ.

ಅವರು ಹೋದ ಮೇಲೆ ಅದೇ ಕುರ್ಚಿಯಲ್ಲಿ ಕೂತೆ. ಎದುರಿಗೇ ಕಿಟಕಿ. ಹೊರಗೆ ಬೆಳ್ಳಗೆ ಮಂಜು, ಮೇಜಿನ ಮೇಲೆ ಕತ್ತಲು. ಕಿಟಕಿಯ ಬಿಳುಪಿಗೆ ಒಗ್ಗಿದ ಕಣ್ಣಿಗೆ ಪೇಪರ್ ಬೂದಿ ಬಣ್ಣವಾಗಿ ಕಾಣುತ್ತಿತ್ತು, ಸಾಲದ್ದಕ್ಕೆ ಮೇಜಿನ ಸನ್‌ಮೈಕಾದಲ್ಲಿ ಟ್ಯೂಬ್‌ಲೈಟ್ ಉದ್ದಕ್ಕೆ ಹೊಳೆಯುತ್ತಿತ್ತು. ನಾಲ್ಕು ಸಾಲಿಗೇ ನನಗೆ ಹುಬ್ಬು ಗಂಟಾಯಿತು. ನನಗಿನ್ನೂ 38. ವಯಸ್ಸಾದಂತೆ ಪಾಪೆ ಕಿರಿದಾಗುತ್ತದೆ, ಕಣ್ಣಿನ ಮಸೂರ ಹಳದಿಗಟ್ಟುತ್ತದೆ. 20ರ ಕಣ್ಣಿನೊಳಗೆ ಹೋಗುವ ಬೆಳಕಿನ ಸುಮಾರು ಮೂರನೇ ಒಂದು ಪಾಲಷ್ಟೇ 60ರ ಕಣ್ಣಿಗೆ ಸಿಗುವುದು. ಅಜ್ಜರ ಪಾಡು ಏನಾಗಿರಬೇಡ!

ಮೇಜು ತಿರುಗಿಸಿ ಕಿಟಕಿಯನ್ನು ಎಡಕ್ಕೆ ತಂದೆ. ಸನ್‌ಮೈಕಾ ಮೇಲೆ ತಿಳಿ ಬಣ್ಣದ ಹತ್ತಿ ಬಟ್ಟೆ ಹಾಸಿದೆ. ಮೇಜಿನಿಂದ 4 ಅಡಿ ಮೇಲಿದ್ದ 9 ವ್ಯಾಟ್ ಎಲ್‌ಇಡಿ ಬಲ್ಬನ್ನು 2 ಅಡಿಗೆ ಇಳಿಸಿ, ಕಣ್ಣಿಗೆ ಹೊಡೆಯದ ಹಾಗೆ ಮುಚ್ಚಳ ಕಟ್ಟಿದೆ. ದೂರ ಅರ್ಧವಾದರೆ ಬೆಳಕು ಹೆಚ್ಚುಕಮ್ಮಿ ನಾಲ್ಕು ಪಟ್ಟು ಅಲ್ವಾ. ಉಳಿದ ಲೈಟುಗಳನ್ನು ಆರಿಸಲಿಲ್ಲ, ಸುತ್ತಲೂ ಕತ್ತಲಿಟ್ಟು ಪುಸ್ತಕಕ್ಕೆ ಮಾತ್ರ ಬೆಳಕು ಬಿಟ್ಟರೆ ತಲೆ ಎತ್ತಿದಾಗಲೆಲ್ಲ ಕಣ್ಣು ಮತ್ತೆ ಹೊಂದಿಕೊಳ್ಳಬೇಕಾಗುತ್ತದೆ. ಕರೆಂಟು ಹೋದಾಗಿನ ಪಾಡಿಗೆ ಮಾಡಿನಲ್ಲಿ ಎರಡು ಗಾಜಿನ ಹೆಂಚು ಹಾಕಿಸಿದೆ, ಮೇಜಿಗೆ ನೇರ ಬಿಸಿಲು ಬೀಳದ ಜಾಗ ನೋಡಿ.

ಮಾರನೆಯ ದಿನ "ಅಜ್ಜ, ಇವತ್ತು ಈ ಕಡೆ ಕೂತ್ಕೊಳ್ಳಿ" ಅಂದೆ. ಕಾಫಿ, ಮೆಣಸಿನ ರೇಟಿನಿಂದ ಶುರು ಮಾಡಿದವರು ಸಂಪಾದಕೀಯದ ತನಕ ಓದಿದರು. ನನಗೆ ಕಣ್ಣಲ್ಲಿ ನೀರು ಬಂತು.

ಮಕ್ಕಳ ತೊಂದರೆ ಬೇರೆ. ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಪದೇ ಪದೇ ಸಾಲು ತಪ್ಪುತ್ತಿದ್ದಳು. ಪುಸ್ತಕ ನೋಡಿದರೆ ಸಾಲುಗಳು ತೀರಾ ಒತ್ತು, 'ರಾಷ್ಟ್ರ'ದ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿದ್ದವು. ಓರೆನೋಟಕ್ಕೆ ಬೀಳುವ ಅಕ್ಷರದ ಪಕ್ಕ ಬೇರೆ ಅಕ್ಷರ ಒತ್ತಿಕೊಂಡಿದ್ದರೆ ಅದನ್ನು ಗುರುತಿಸುವುದು ಕಷ್ಟ ಅಂತ ನೆದರ್ಲೆಂಡ್ಸ್‌ನ ದೃಷ್ಟಿ ಸಂಶೋಧಕ ಹರ್ಮನ್ ಬೌಮಾ 1970ರಲ್ಲೇ ತೋರಿಸಿದ್ದಾರೆ. ಹಳೇ ಕ್ಯಾಲೆಂಡರ್ ರಟ್ಟಿಗೆ ಕಪ್ಪು ಬಳಿದು, ಎರಡೇ ಸಾಲು ಕಾಣುವಷ್ಟು ಕಿಂಡಿ ಕತ್ತರಿಸಿ ಕೊಟ್ಟೆ. ಬೆರಳಲ್ಲಿ ಮೆಲ್ಲಗೆ ಜರುಗಿಸುತ್ತಾ ಪುಟ ಮುಗಿಸಿದಳು. ಮೊನ್ನೆ ಬಂದು, "ಅಕ್ಕ, ಕಿಂಡಿ ಸ್ವಲ್ಪ ಅಗಲ ಮಾಡಿಕೊಡಿ, ನಾಲ್ಕು ಸಾಲು ಕಾಣ್ಲಿ" ಅಂದಳು.